ಕೆಂಪು ಡೀಸೆಲ್: ಎಣ್ಣೆ ಒಂದೇ, ತೆರಿಗೆ ಎರಡು

ಅಮೆರಿಕದ ಹಳ್ಳಿ ಕಡೆಯ ಬಂಕ್‌ಗಳಲ್ಲಿ ಮಾಮೂಲಿ ಡೀಸೆಲ್ ಪಂಪಿನ ಪಕ್ಕದಲ್ಲೇ ಇನ್ನೊಂದು ಪಂಪು ಇರುವುದುಂಟು. ಅದರ ಮೇಲೆ ಎದ್ದು ಕಾಣುವ ಹಾಗೆ ಒಂದು ಎಚ್ಚರಿಕೆ ಇರುತ್ತದೆ. ಇದು ಬಣ್ಣ ಹಾಕಿದ ಡೀಸೆಲ್, ತೆರಿಗೆ ಬೀಳದ ಕೆಲಸಕ್ಕೆ ಮಾತ್ರ, ತೆರಿಗೆ ಬೀಳುವ ಕೆಲಸಕ್ಕೆ ಬಳಸಿದರೆ ದಂಡ ಅಂತ. ಈ ಎಚ್ಚರಿಕೆಯನ್ನು ಹಾಕಲೇಬೇಕು ಎಂದು ಕಾನೂನೇ ಹೇಳುತ್ತದೆ. ಆ ಪಂಪಿನಿಂದ ಬರುವ ಡೀಸೆಲ್ ಕೆಂಪಗಿರುತ್ತದೆ. ಪಕ್ಕದ ಪಂಪಿನದು ತಿಳಿ ಹಳದಿ. ಬೆಲೆ ಮಾತ್ರ ಗಮನಿಸುವಷ್ಟು ಕಡಿಮೆ.

ಕಡಿಮೆ ಬೆಲೆ ಅಂದ ತಕ್ಷಣ ಇದು ಎರಡನೇ ದರ್ಜೆಯ ಮಾಲು, ಇಂಜಿನ್ ಹಾಳು ಮಾಡುತ್ತದೆ ಅಂತ ಹೇಳುವವರು ಬಹಳ. ಅದು ಸರಿಯಲ್ಲ. ಎರಡೂ ಒಂದೇ ರಿಫೈನರಿಯಲ್ಲಿ ತಯಾರಾಗಬಹುದು, ಒಂದೇ ಪೈಪ್‌ಲೈನಿನಲ್ಲಿ ಬರಬಹುದು, ಒಂದೇ ದೊಡ್ಡ ಟ್ಯಾಂಕಿನಲ್ಲಿ ಕೂತಿರಬಹುದು. ಟರ್ಮಿನಲ್‌ನಲ್ಲಿ (ಎಣ್ಣೆ ಸಂಗ್ರಹಿಸಿಡುವ ಡಿಪೋ) ಟ್ಯಾಂಕರ್ ಲಾರಿಗೆ ತುಂಬಿಸುವ ಹೊತ್ತಿನಲ್ಲಿ ಒಂದಕ್ಕೆ ಬಣ್ಣ ಸೇರಿಸುತ್ತಾರೆ, ಇನ್ನೊಂದಕ್ಕೆ ಸೇರಿಸುವುದಿಲ್ಲ. ಅಷ್ಟೇ. ಬಣ್ಣದ ಪ್ರಮಾಣವೂ ತೀರಾ ಕಮ್ಮಿ. ಅಮೆರಿಕದ ನಿಯಮದ ಅಳತೆ ಸಾವಿರ ಬ್ಯಾರೆಲ್‌ಗೆ 3.9 ಪೌಂಡ್. ಲೆಕ್ಕ ಹಾಕಿದರೆ ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಗುತ್ತದೆ. ಇಂಜಿನ್ನಿಗೆ ಅದು ಗೊತ್ತೂ ಆಗುವುದಿಲ್ಲ.

ಕೊಳಕು ಡೀಸೆಲ್ ಎಂಬ ಹೆಸರು ಬಂದಿದ್ದಕ್ಕೆ ಹಳೆಯ ಕಾರಣ ಒಂದಿದೆ, ಅದನ್ನೂ ಹೇಳಬೇಕು. ಮುಂಚೆ ರಸ್ತೆಗೆ ಇಳಿಯದ ಯಂತ್ರಗಳ ಡೀಸೆಲ್‌ನಲ್ಲಿ ಗಂಧಕ ನಿಜವಾಗಿಯೂ ಜಾಸ್ತಿ ಇರುತ್ತಿತ್ತು. ಅಮೆರಿಕದಲ್ಲಿ ರಸ್ತೆ ಡೀಸೆಲ್‌ನ ಗಂಧಕವನ್ನು 1993ರಲ್ಲಿ 500 ಪಿಪಿಎಂಗೆ (ಹತ್ತು ಲಕ್ಷ ಭಾಗಕ್ಕೆ 500 ಭಾಗ) ಇಳಿಸಿದರು, 2006ರಿಂದ 15 ಪಿಪಿಎಂಗೆ. ರಸ್ತೆಗೆ ಇಳಿಯದ ಯಂತ್ರಗಳ ಡೀಸೆಲ್ ಹಿಂದೆ ಉಳಿದಿತ್ತು. ಅದು 500ಕ್ಕೆ ಬಂದಿದ್ದು 2007ರಲ್ಲಿ, 15ಕ್ಕೆ ಬಂದಿದ್ದು 2010ರಲ್ಲಿ. ಆ ಅಂತರ ಈಗ ಮುಚ್ಚಿಹೋಗಿದೆ. ಹೊಸ ಎಕ್ಸ್‌ಕವೇಟರ್, ಟ್ರ್ಯಾಕ್ಟರ್‌ಗಳ ಹೊಗೆ ಶುದ್ಧ ಮಾಡುವ ಫಿಲ್ಟರ್‌ಗಳು ಗಂಧಕ ಇದ್ದರೆ ಬಾಳುವುದೇ ಇಲ್ಲ, ಆದ್ದರಿಂದ ಕೆಂಪು ಡೀಸೆಲ್ಲೂ ಶುದ್ಧವಾಗಲೇಬೇಕಾಯಿತು.

ಹಾಗಾದರೆ ಬಣ್ಣ ಯಾಕೆ? ಬಣ್ಣ ಹೇಳುವುದು ಎಣ್ಣೆಯ ಗುಣವನ್ನಲ್ಲ, ಅದರ ತೆರಿಗೆಯನ್ನು. ಅಮೆರಿಕದಲ್ಲಿ ರಸ್ತೆ ಮೇಲೆ ಓಡುವ ಗಾಡಿಯ ಡೀಸೆಲ್‌ಗೆ ಗ್ಯಾಲನ್ನಿಗೆ 24.4 ಸೆಂಟ್ ಕೇಂದ್ರ ತೆರಿಗೆ ಇದೆ. ಅದರ ಮೇಲೆ ರಾಜ್ಯಗಳ ತೆರಿಗೆ ಬೇರೆ. ಎರಡೂ ಸೇರಿ ಅರ್ಧ ಡಾಲರ್ ದಾಟುವ ರಾಜ್ಯಗಳು ಬೇಕಾದಷ್ಟಿವೆ. ಈ ಕೇಂದ್ರ ತೆರಿಗೆ ಹೆಚ್ಚುಕಡಿಮೆ ಪೂರ್ತಿಯಾಗಿ 1956ರಲ್ಲಿ ಶುರುವಾದ ಹೆದ್ದಾರಿ ನಿಧಿಗೆ ಹೋಗುತ್ತದೆ. ರಸ್ತೆ ಸವೆಸುವವರು ರಸ್ತೆಗೆ ಕೊಡಲಿ ಎನ್ನುವುದು ಅದರ ಹಿಂದಿನ ಮಾತು. ಸರಿ, ಹೊಲದಲ್ಲೇ ಉಳುತ್ತಾ ಇರುವ ಟ್ರ್ಯಾಕ್ಟರ್ ಹೆದ್ದಾರಿಗೆ ಯಾಕೆ ಕೊಡಬೇಕು? ಆಸ್ಪತ್ರೆಯ ಹಿಂದೆ ಸಿಮೆಂಟ್ ಕಟ್ಟೆ ಮೇಲೆ ಬೋಲ್ಟ್ ಹಾಕಿ ನಿಲ್ಲಿಸಿದ ಜನರೇಟರ್ ಯಾವ ರಸ್ತೆ ಸವೆಸಿತು? ಈ ಪ್ರಶ್ನೆಗೆ ಉತ್ತರವಾಗಿ ಬಂದಿದ್ದೇ ತೆರಿಗೆ ಇಲ್ಲದ ಡೀಸೆಲ್. ಇದನ್ನು ಸುಮ್ನೆ ರಿಯಾಯಿತಿ ಅಂತ ಕರೆದರೆ ನನಗೆ ಒಪ್ಪಿಗೆಯಾಗುವುದಿಲ್ಲ. ಉಪಯೋಗಿಸದ ರಸ್ತೆಗೆ ದುಡ್ಡು ಕೊಡದಿರುವುದು ದಾನ ಹೇಗಾಗುತ್ತದೆ?

ಇದನ್ನು ಬಳಸುವವರ ಪಟ್ಟಿ ದೊಡ್ಡದು. ಬೇಸಾಯ ಎಲ್ಲರಿಗೂ ಹೊಳೆಯುವಂಥದ್ದು. ಟ್ರ್ಯಾಕ್ಟರ್, ಕೊಯ್ಲು ಯಂತ್ರ, ನೀರೆತ್ತುವ ಪಂಪು. ಕಾಡಿನಲ್ಲಿ ಮರ ಎಳೆಯುವ ಯಂತ್ರಗಳು, ರೈಲು ಇಂಜಿನ್‌ಗಳು, ವಿಮಾನ ನಿಲ್ದಾಣದ ಒಳಗೆ ಲಗೇಜ್ ಗಾಡಿ ಎಳೆಯುವ ವಾಹನಗಳು. ಆದರೆ ತೆರಿಗೆಯ ವ್ಯತ್ಯಾಸ ಎಷ್ಟು ದೊಡ್ಡದು ಎಂದು ಮನಸ್ಸಿಗೆ ನಾಟಬೇಕಾದರೆ ಗಣಿಗೆ ಹೋಗಬೇಕು. ಕ್ಯಾಟರ್‌ಪಿಲ್ಲರ್ ಕಂಪನಿಯ 797ಎಫ್ ಎಂಬ ಅದಿರು ಸಾಗಿಸುವ ಟ್ರಕ್ ಒಂದು ಸಲಕ್ಕೆ 363 ಟನ್ ಹೊರುತ್ತದೆ. ಅದರ ಮಾಮೂಲಿ ಟ್ಯಾಂಕೇ 1,000 ಗ್ಯಾಲನ್, ಅಂದರೆ 3,785 ಲೀಟರ್. ಒಂದು ಟ್ಯಾಂಕಿಗೆ ಕೇಂದ್ರ ತೆರಿಗೆಯೇ 244 ಡಾಲರ್ ಆಗುತ್ತದೆ. ಅಂಥ ಟ್ರಕ್‌ಗಳ ಸಾಲೇ ಹಗಲೂ ರಾತ್ರಿ ಓಡುವ ಗಣಿಯಲ್ಲಿ ವರ್ಷದ ಲೆಕ್ಕ ಎಲ್ಲಿಗೆ ಹೋಗುತ್ತದೆ ನೋಡಿ. ಮತ್ತೆ ಆ ಟ್ರಕ್ ಸಾರ್ವಜನಿಕ ರಸ್ತೆಗೆ ಇಳಿಯುವುದೇ ಇಲ್ಲ. ಇಳಿಯೋಣ ಎಂದರೂ ಅದರ ಅಗಲಕ್ಕೆ ರಸ್ತೆ ಸಾಲುವುದಿಲ್ಲ. ಗಣಿಯೊಳಗಿನ ದಾರಿಯನ್ನು ಗಣಿಯವರೇ ಮಾಡಿಕೊಳ್ಳುತ್ತಾರೆ, ಅವರೇ ರಿಪೇರಿ ಮಾಡಿಕೊಳ್ಳುತ್ತಾರೆ.

ಕಟ್ಟಡದ ಕೆಲಸದಲ್ಲಿ ಬೇರೆ ಥರ. ಎಕ್ಸ್‌ಕವೇಟರ್, ಲೋಡರ್, ಕ್ರೇನ್, ಕಂಪ್ರೆಸರ್, ರಾತ್ರಿ ಕೆಲಸದ ಲೈಟು ಕಂಬಗಳು, ಎಲ್ಲಾ ಒಂದೇ ಸೈಟಿನಲ್ಲಿ ಚದುರಿಕೊಂಡಿರುತ್ತವೆ. ಇವುಗಳನ್ನು ಬಂಕಿಗೆ ಓಡಿಸಿಕೊಂಡು ಹೋಗಲಾಗುವುದಿಲ್ಲ. ಹಾಗಾಗಿ ಸಣ್ಣ ಟ್ಯಾಂಕರ್ ಸೈಟಿಗೇ ಬರುತ್ತದೆ, ಕೆಲಸ ಶುರುವಾಗುವ ಮುಂಚೆ ಅಥವಾ ಕೆಲಸ ಮುಗಿದ ಮೇಲೆ ಯಂತ್ರದಿಂದ ಯಂತ್ರಕ್ಕೆ ಹೋಗಿ ಪೈಪು ಹಿಡಿದು ತುಂಬಿಸುತ್ತದೆ, ಯಾವ ಯಂತ್ರಕ್ಕೆ ಎಷ್ಟು ಹೋಯಿತು ಎಂಬ ಚೀಟಿಯನ್ನೂ ಕೊಡುತ್ತದೆ. ಈ ಚೀಟಿ ಸಣ್ಣ ವಿಷಯವಲ್ಲ. ತೆರಿಗೆಯವರು ನಾಳೆ ಬಂದು ಕೇಳಿದರೆ ಇದೇ ಸಾಕ್ಷಿ. ದೊಡ್ಡ ಸೈಟುಗಳಲ್ಲಿ ಎರಡು ಟ್ಯಾಂಕ್ ಇಟ್ಟುಕೊಳ್ಳುತ್ತಾರೆ. ಒಂದು ಕೆಂಪಿಗೆ, ಇನ್ನೊಂದು ರಸ್ತೆಗೆ ಹೋಗುವ ಟಿಪ್ಪರ್, ಪಿಕಪ್‌ಗಳಿಗೆ. ಎರಡಕ್ಕೂ ಒಂದೇ ಪೈಪು ಬಳಸಿದರೆ ಕಥೆ ಮುಗಿಯಿತು, ಬಣ್ಣ ರಸ್ತೆ ಡೀಸೆಲ್‌ಗೂ ಹತ್ತುತ್ತದೆ.

ನನಗೆ ಈ ವಿಷಯದಲ್ಲಿ ತುಂಬಾ ಹಿಡಿಸುವ ಉದಾಹರಣೆ ತಂಪು ಪೆಟ್ಟಿಗೆಯ ಲಾರಿ. ಹಾಲು, ಮಾಂಸ, ಔಷಧಿ ಸಾಗಿಸುವ ಲಾರಿಯ ಟ್ರೇಲರ್ ಮೂತಿಯಲ್ಲಿ ಒಂದು ಶೀತಲ ಯಂತ್ರ ಇರುತ್ತದೆ, ಅದಕ್ಕೆ ತನ್ನದೇ ಪುಟ್ಟ ಡೀಸೆಲ್ ಇಂಜಿನ್ ಮತ್ತು ತನ್ನದೇ ಟ್ಯಾಂಕ್. ಅಮೆರಿಕದಲ್ಲಿ ಲಾರಿ ಎಳೆಯುವ ಇಂಜಿನ್‌ಗೆ ತೆರಿಗೆ ಕಟ್ಟಿದ ಡೀಸೆಲ್ ಹಾಕಬೇಕು, ಶೀತಲ ಯಂತ್ರಕ್ಕೆ ಕೆಂಪು ಹಾಕಬಹುದು. ಒಂದೇ ಗಾಡಿ, ಒಂದೇ ಡ್ರೈವರ್, ಎರಡು ಥರದ ಡೀಸೆಲ್. ದೊಡ್ಡ ಲಾರಿ ಬಂಕ್‌ಗಳಲ್ಲಿ ಇದಕ್ಕೇ ಬೇರೆ ಪೈಪು ಇಟ್ಟಿರುತ್ತಾರೆ. ತೆರಿಗೆ ನಿಂತಿರುವುದು ಗಾಡಿಯ ಮೇಲಲ್ಲ, ಆ ಹನಿ ಏನು ಕೆಲಸ ಮಾಡಿತು ಎನ್ನುವುದರ ಮೇಲೆ.

ಜನರೇಟರ್‌ಗಳದ್ದು ಇನ್ನೊಂದು ತಲೆನೋವು. ಆಸ್ಪತ್ರೆ, ಡೇಟಾ ಸೆಂಟರ್, ನೀರು ಶುದ್ಧೀಕರಣ ಘಟಕ, ಇವೆಲ್ಲಾ ಸಾವಿರಾರು ಲೀಟರ್ ಕೆಂಪು ಡೀಸೆಲ್ ತುಂಬಿಸಿ ಕಾಯುತ್ತವೆ. ಕರೆಂಟು ಹೋಗದಿದ್ದರೆ ಅದು ತಿಂಗಳುಗಟ್ಟಲೆ ಹಾಗೇ ಕೂತಿರುತ್ತದೆ. ಡೀಸೆಲ್ ಹಾಗೆ ಕೂತರೆ ಕೆಡುತ್ತದೆ. ಟ್ಯಾಂಕಿನೊಳಗೆ ಗಾಳಿಯ ತೇವ ನೀರಾಗಿ ತಳಕ್ಕೆ ಇಳಿಯುತ್ತದೆ, ನೀರು ಮತ್ತು ಎಣ್ಣೆ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆ ಕಟ್ಟುತ್ತದೆ, ಬಯೋಡೀಸೆಲ್ ಬೆರೆತಿದ್ದರೆ ನೀರು ಹೀರುವುದು ಇನ್ನೂ ಜಾಸ್ತಿ. ಬೇಕಾದ ದಿನ ಜನರೇಟರ್ ಶುರುವಾಗಿ ಐದು ನಿಮಿಷಕ್ಕೆ ಫಿಲ್ಟರ್ ಕಟ್ಟಿ ನಿಂತರೆ ತೆರಿಗೆ ಉಳಿಸಿ ಏನು ಬಂತು? ಅದಕ್ಕೇ ಆಗಾಗ ತಳದ ನೀರು ತೆಗೆಯಬೇಕು, ಮಾದರಿ ತೆಗೆದು ಪರೀಕ್ಷೆ ಮಾಡಿಸಬೇಕು, ಎಣ್ಣೆಯನ್ನು ಹೊರಗೆಳೆದು ಸೋಸಿ ವಾಪಸ್ ಹಾಕಬೇಕು. ಅಗ್ಗಕ್ಕೆ ಸಿಕ್ಕಿತು ಅಂತ ಜಾಸ್ತಿ ತುಂಬಿಸಿಡುವುದು ಬುದ್ಧಿವಂತಿಕೆಯಲ್ಲ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಈಗ ಕಳ್ಳತನದ ವಿಷಯಕ್ಕೆ ಬರೋಣ, ಬಣ್ಣ ಹುಟ್ಟಿದ್ದೇ ಅಲ್ಲಿಂದ. 1980ರ ದಶಕದಲ್ಲಿ ನ್ಯೂಯಾರ್ಕ್, ನ್ಯೂಜೆರ್ಸಿ ಕಡೆ ಇಂಧನ ತೆರಿಗೆ ನುಂಗುವುದು ಸಂಘಟಿತ ಗ್ಯಾಂಗ್‌ಗಳ ದೊಡ್ಡ ದಂಧೆಯಾಗಿತ್ತು. ಮನೆ ಬಿಸಿ ಮಾಡಲು ಮಾರುವ ಎಣ್ಣೆಗೆ ರಸ್ತೆ ತೆರಿಗೆ ಇಲ್ಲ, ಆದರೆ ಅದು ಡೀಸೆಲ್‌ನಂತೆಯೇ ಇಂಜಿನ್ನಿನಲ್ಲಿ ಉರಿಯುತ್ತದೆ. ಮಾಲನ್ನು ಕಾಗದದ ಮೇಲೆ ಒಂದು ಕಂಪನಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಮಾರುತ್ತಾ ಹೋಗುವುದು, ನಡುವೆ ಒಂದು ಕಂಪನಿ ತೆರಿಗೆ ಕಟ್ಟಿಯಾಗಿದೆ ಎಂದು ಬಿಲ್ಲು ಬರೆದು ಮಾಯವಾಗುವುದು. ತನಿಖೆಯವರು ಬರುವ ಹೊತ್ತಿಗೆ ಆ ವಿಳಾಸದಲ್ಲಿ ಯಾರೂ ಇರುತ್ತಿರಲಿಲ್ಲ. ಲಾರಿಯ ಟ್ಯಾಂಕಿನಲ್ಲಿರುವ ಎಣ್ಣೆ ನೋಡಿ ತೆರಿಗೆ ಕಟ್ಟಿದ್ದೋ ಇಲ್ಲವೋ ಎಂದು ಹೇಳುವ ದಾರಿಯೇ ಇರಲಿಲ್ಲ.

ಬಣ್ಣ ಆ ದಾರಿಯನ್ನು ತೆರೆಯಿತು. 1993ರಲ್ಲಿ ಕಾನೂನು ಬಂತು, 1994ರ ಜನವರಿ 1ರಿಂದ ಜಾರಿಗೆ ಬಂತು. ಟರ್ಮಿನಲ್‌ನಿಂದ ಹೊರಗೆ ಹೋಗುವ ಡೀಸೆಲ್‌ಗೆ ಅಲ್ಲೇ ತೆರಿಗೆ ಬೀಳುತ್ತದೆ, ಬೀಳಬಾರದು ಎಂದರೆ ಅಲ್ಲೇ ಕೆಂಪು ಬಣ್ಣ ಸೇರಬೇಕು. ಪರಿಣಾಮ ಏನಾಯಿತು ಎಂದು ಜಸ್ಟಿನ್ ಮೇರಿಯನ್ ಮತ್ತು ಎರಿಕ್ ಮ್ಯೂಲೆಗ್ಗರ್ ಎಂಬ ಅರ್ಥಶಾಸ್ತ್ರಜ್ಞರು 2008ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಬಣ್ಣ ಬಂದ ಮೇಲೆ ತೆರಿಗೆ ಕಟ್ಟಿದ ಡೀಸೆಲ್ ಮಾರಾಟ ಶೇಕಡಾ 26ರಷ್ಟು ಏರಿತು, ಮನೆ ಬಿಸಿ ಮಾಡುವ ಎಣ್ಣೆಯ ಮಾರಾಟ ಹೆಚ್ಚುಕಡಿಮೆ ಅಷ್ಟೇ ಇಳಿಯಿತು. ಜನ ರಾತ್ರೋರಾತ್ರಿ ಲಾರಿ ಜಾಸ್ತಿ ಓಡಿಸಲಿಲ್ಲ, ಮನೆ ಬಿಸಿ ಮಾಡುವುದನ್ನೂ ನಿಲ್ಲಿಸಲಿಲ್ಲ. ಮನೆ ಎಣ್ಣೆಯ ಹೆಸರಿನಲ್ಲಿ ಲಾರಿಗೆ ಹೋಗುತ್ತಿದ್ದದ್ದು ತನ್ನ ನಿಜವಾದ ಹೆಸರಿಗೆ ಬಂತು, ಅಷ್ಟೇ. ಲೀಟರಿಗೆ 11 ಮಿಲಿಗ್ರಾಂ ಬಣ್ಣ ಮಾಡಿದ ಕೆಲಸ ಇದು!

ಅಂದಹಾಗೆ ಬಣ್ಣ ಮೊದಲು ಕೆಂಪು ಮಾತ್ರ ಇರಲಿಲ್ಲ. ಅಮೆರಿಕದ ಪರಿಸರ ಇಲಾಖೆ 1993ರಲ್ಲಿ ಗಂಧಕ ಜಾಸ್ತಿ ಇರುವ ಡೀಸೆಲ್‌ಗೆ ನೀಲಿ ಹಾಕಿಸಿತ್ತು. ಸಣ್ಣ ವಿಮಾನಗಳ ಪೆಟ್ರೋಲ್ ಕೂಡ ನೀಲಿಯೇ. ಎರಡೂ ಅದಲುಬದಲಾದರೆ ಪ್ರಾಣಕ್ಕೇ ಕುತ್ತು. ಆ ಭಯಕ್ಕೆ ನೀಲಿ ಬಿಟ್ಟು ಕೆಂಪಿಗೆ ಬಂದರು.

ಸಿಕ್ಕಿಬಿದ್ದರೆ ದಂಡ ಹಗುರವಾಗಿಲ್ಲ. ಅಮೆರಿಕದಲ್ಲಿ ತಪಾಸಣೆಯವರು ಲಾರಿ ನಿಲ್ಲಿಸಿ ಟ್ಯಾಂಕಿನಿಂದ ಸ್ವಲ್ಪ ಎಣ್ಣೆ ಎಳೆದು ನೋಡುತ್ತಾರೆ. ಕೆಂಪು ಕಂಡರೆ 1,000 ಡಾಲರ್ ಅಥವಾ ಗ್ಯಾಲನ್ನಿಗೆ 10 ಡಾಲರ್, ಎರಡರಲ್ಲಿ ಯಾವುದು ಜಾಸ್ತಿಯೋ ಅದು. 200 ಗ್ಯಾಲನ್ ತುಂಬಿದ ಲಾರಿ ಎಂದುಕೊಳ್ಳಿ, ಉಳಿದದ್ದು 48 ಡಾಲರ್ 80 ಸೆಂಟ್ ಕೇಂದ್ರ ತೆರಿಗೆ, ಬಿದ್ದದ್ದು 2,000 ಡಾಲರ್ ದಂಡ. ಮತ್ತೆ ಮತ್ತೆ ಸಿಕ್ಕರೆ ಆ 1,000 ಗುಣಿಸುತ್ತಾ ಹೋಗುತ್ತದೆ. ಟ್ಯಾಂಕ್ ತೋರಿಸುವುದಿಲ್ಲ ಎಂದು ಹಟ ಹಿಡಿದರೆ ಅದಕ್ಕೂ 1,000. ಬಿಳಿ ಡೀಸೆಲ್, ಅಂದರೆ ಬಣ್ಣ ಹಾಕದ ಡೀಸೆಲ್, ಬೆರೆಸಿ ಮರೆಮಾಚೋಣ ಎಂದರೆ ಆಗುವುದಿಲ್ಲ, ಬಣ್ಣ ತೆಳುವಾದರೂ ಪ್ರಯೋಗಾಲಯದಲ್ಲಿ ಸಿಗುತ್ತದೆ.

ಕಾನೂನಿಗೆ ಕರುಣೆಯೂ ಇದೆ. ಶಾಲಾ ಬಸ್‌ಗಳಿಗೆ, ರಾಜ್ಯ ಮತ್ತು ಸ್ಥಳೀಯ ಸರ್ಕಾರದ ಗಾಡಿಗಳಿಗೆ ರಸ್ತೆಯ ಮೇಲೂ ಕೆಂಪು ಬಳಸಲು ಕೇಂದ್ರದ ನಿಯಮ ಬಿಡುತ್ತದೆ. 2005ರಲ್ಲಿ ಕತ್ರಿನಾ ಚಂಡಮಾರುತ, 2017ರಲ್ಲಿ ಫ್ಲೋರಿಡಾಗೆ ಇರ್ಮಾ ಬಡಿದಾಗ ಡೀಸೆಲ್ ಸಿಗದೆ ಪರದಾಡುವ ಸ್ಥಿತಿ ಬಂತು. ಆಗ ತೆರಿಗೆ ಇಲಾಖೆ ಕೆಲವು ದಿನ ದಂಡವನ್ನು ಕೈಬಿಟ್ಟು, ಕೆಂಪು ಡೀಸೆಲ್ ಹಾಕಿಕೊಂಡು ರಸ್ತೆಗೆ ಇಳಿಯಿರಿ, ತೆರಿಗೆ ಮಾತ್ರ ಕಟ್ಟಿ ಎಂದಿತು. ಎಣ್ಣೆ ಒಂದೇ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಬ್ರಿಟನ್, ಐರ್ಲೆಂಡ್ ಕಡೆ ಹೋದರೆ ಇದೇ ವಿಷಯ ಇನ್ನೂ ಬಿಸಿ. ಅಲ್ಲಿ ತೆರಿಗೆಯ ಅಂತರ ದೊಡ್ಡದು. 2011ರಿಂದ 2022ರ ಮಾರ್ಚ್‌ವರೆಗೆ ಬ್ರಿಟನ್‌ನಲ್ಲಿ ರಸ್ತೆ ಡೀಸೆಲ್‌ನ ಸುಂಕ ಲೀಟರಿಗೆ 57.95 ಪೆನ್ಸ್, ಕೆಂಪು ಡೀಸೆಲ್‌ನದು 11.14 ಪೆನ್ಸ್. ಲೀಟರಿಗೇ 46 ಪೆನ್ಸ್‌ಗಿಂತ ಜಾಸ್ತಿ ಅಂತರ ಇದ್ದರೆ ಆಸೆ ಹುಟ್ಟದೇ ಇರುತ್ತದಾ? ಐರ್ಲೆಂಡ್ ಗಣರಾಜ್ಯದಲ್ಲಿ ಈ ಡೀಸೆಲ್ ಹಸಿರು, ಗಡಿಯಾಚೆ ಉತ್ತರ ಐರ್ಲೆಂಡ್‌ನಲ್ಲಿ ಕೆಂಪು. ಆ ಗಡಿಯ ಆರ್ಮಾ, ಲೌತ್ ಕಡೆ ಬಣ್ಣ ತೆಗೆಯುವ ಕಳ್ಳ ಘಟಕಗಳೇ ಎದ್ದವು. ಆಮ್ಲ, ಬ್ಲೀಚ್ ಮಾಡುವ ಮಣ್ಣು, ಕಡೆಗೆ ಬೆಕ್ಕಿನ ಕಕ್ಕಸಿಗೆ ಹಾಕುವ ಮಣ್ಣಿನ ಕಾಳುಗಳ ಮೂಲಕವೂ ಎಣ್ಣೆಯನ್ನು ಹಾಯಿಸಿ ಬಣ್ಣ ತೆಗೆದು ರಸ್ತೆ ಡೀಸೆಲ್ ಎಂದು ಮಾರುತ್ತಿದ್ದರು. ಆ ಎಣ್ಣೆ ಕಾರುಗಳ ಪಂಪು, ಇಂಜೆಕ್ಟರ್‌ಗಳನ್ನು ತಿಂದುಹಾಕುತ್ತಿತ್ತು. ಉಳಿದ ವಿಷದ ಕೆಸರನ್ನು ಪ್ಲಾಸ್ಟಿಕ್ ಟ್ಯಾಂಕುಗಳಲ್ಲಿ ತುಂಬಿ ರಾತ್ರಿ ರಸ್ತೆ ಬದಿಗೆ ಇಟ್ಟು ಹೋಗುತ್ತಿದ್ದರು. ಅದನ್ನು ಎತ್ತಿ ವಿಲೇವಾರಿ ಮಾಡುವ ಖರ್ಚು ಊರಿನ ಕೌನ್ಸಿಲ್‌ಗಳ ಮೇಲೆ, ಅಂದರೆ ನೆಟ್ಟಗೆ ತೆರಿಗೆ ಕಟ್ಟುವವರ ಮೇಲೆ. ನನಗೆ ಈ ಭಾಗ ಓದಿದಾಗಲೆಲ್ಲಾ ಸಿಟ್ಟು ಬರುತ್ತದೆ. ತೆರಿಗೆ ಕಳ್ಳತನಕ್ಕೆ ಬಲಿಯಾಗುವವರೇ ಇಲ್ಲ ಎನ್ನುವವರು ಆ ಕೆಸರು ಸೋರಿದ ಹೊಳೆಯ ದಡದಲ್ಲಿ ನಿಂತು ಆ ಮಾತು ಹೇಳಲಿ.

ಇದಕ್ಕೆ ಉತ್ತರವಾಗಿ ಬಂದಿದ್ದು ಕಣ್ಣಿಗೆ ಕಾಣದ ಗುರುತುಗಳು. ಯುರೋಪಿಯನ್ ಒಕ್ಕೂಟ 2002ರಿಂದ ಸಾಲ್ವೆಂಟ್ ಯೆಲ್ಲೋ 124 ಎಂಬ ಹಳದಿ ವಸ್ತುವನ್ನು ಲೀಟರಿಗೆ 6ರಿಂದ 9 ಮಿಲಿಗ್ರಾಂ ಸೇರಿಸಲು ಹೇಳಿತು. ಡೀಸೆಲ್ ಮೊದಲೇ ಹಳದಿ, ಹಾಗಾಗಿ ಅದು ಕಾಣುವುದಿಲ್ಲ. ಆಮ್ಲದ ಜೊತೆ ಕಲಕಿದರೆ ಕೆಂಪಾಗಿ ಹೊರಬರುತ್ತದೆ. ಕಳ್ಳರು ಅದನ್ನೂ ತೆಗೆಯಲು ಕಲಿತರು. 2015ರಲ್ಲಿ ಬ್ರಿಟನ್, ಐರ್ಲೆಂಡ್ ಎರಡೂ ಸೇರಿ ತೆಗೆಯಲು ಬಹಳ ಕಷ್ಟವಾದ ಹೊಸ ಗುರುತು ತಂದವು. ಅದರ ರಾಸಾಯನಿಕ ಸ್ವಭಾವ ಡೀಸೆಲ್‌ಗೆ ಎಷ್ಟು ಹತ್ತಿರ ಎಂದರೆ ಅದನ್ನು ಮಾತ್ರ ಬೇರೆ ಮಾಡುವುದು ಕಳ್ಳ ಘಟಕಗಳ ಕೈಲಿ ಆಗುವ ಮಾತಲ್ಲ. 2024ರ ಜನವರಿಯಿಂದ ಯುರೋಪಿಯನ್ ಒಕ್ಕೂಟ ಪೂರ್ತಿ ಅದೇ ಜಾತಿಯ ಗುರುತಿಗೆ ಬಂದಿದೆ.

ಆಮೇಲೆ ಬ್ರಿಟನ್ ಒಂದು ದೊಡ್ಡ ಹೆಜ್ಜೆ ಇಟ್ಟಿತು. 2020ರ ಮಾರ್ಚ್ ಬಜೆಟ್‌ನಲ್ಲಿ ಆಗಿನ ಹಣಕಾಸು ಸಚಿವ ರಿಷಿ ಸುನಕ್ ಹೇಳಿದರು, 2022ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಕಟ್ಟಡ ಕೆಲಸ, ಗಣಿ, ಕಲ್ಲುಕ್ವಾರಿ, ತಂಪು ಪೆಟ್ಟಿಗೆಯ ಲಾರಿಗಳ ಶೀತಲ ಯಂತ್ರ, ಇವೆಲ್ಲಾ ಕೆಂಪು ಡೀಸೆಲ್ ಬಳಸುವ ಹಕ್ಕು ಕಳೆದುಕೊಂಡವು. ಬೇಸಾಯ, ಕಾಡು, ಮೀನು ಸಾಕಣೆ, ರೈಲು, ಊರೂರು ತಿರುಗುವ ಜಾತ್ರೆ ಆಟದವರು ಮತ್ತು ಸರ್ಕಸ್, ಇಂಥ ಕೆಲವರು ಉಳಿಸಿಕೊಂಡರು. ಸರ್ಕಾರದ ಲೆಕ್ಕದಲ್ಲಿ ಆಗ ದೇಶದಲ್ಲಿ ಉರಿಯುತ್ತಿದ್ದ ಡೀಸೆಲ್‌ನಲ್ಲಿ ಸುಮಾರು ಶೇಕಡಾ 15 ಕೆಂಪು, ಅದರಿಂದ ಖಜಾನೆಗೆ ವರ್ಷಕ್ಕೆ 240 ಕೋಟಿ ಪೌಂಡ್ ಕೈತಪ್ಪುತ್ತಿತ್ತು.

ಗುತ್ತಿಗೆದಾರರು ಬೊಬ್ಬೆ ಹೊಡೆದರು, ನಮ್ಮ ಯಂತ್ರಗಳು ರಸ್ತೆಗೇ ಬರುವುದಿಲ್ಲವಲ್ಲ ಎಂದರು. ಅಮೆರಿಕದಲ್ಲಿ ಈ ವಾದಕ್ಕೆ ಬಲ ಇದೆ. ಬ್ರಿಟನ್‌ನಲ್ಲಿ ಇಲ್ಲ, ಯಾಕೆಂದರೆ ಅಲ್ಲಿ ಇಂಧನ ಸುಂಕ ರಸ್ತೆಗೆ ಮೀಸಲಲ್ಲ, ಅದು ಸೀದಾ ಸಾಮಾನ್ಯ ಖಜಾನೆಗೆ ಹೋಗುತ್ತದೆ. ಆಸ್ಪತ್ರೆ, ಶಾಲೆ ಎಲ್ಲಾ ಅದರಲ್ಲೇ ನಡೆಯುತ್ತವೆ. ತೆರಿಗೆ ರಸ್ತೆಗೆ ಕೊಡುವ ಬಾಡಿಗೆ ಆಗಿದ್ದರೆ ರಸ್ತೆ ಬಳಸದವರಿಗೆ ಬಿಡಬೇಕು. ತೆರಿಗೆ ಹೊಗೆಯ ಮೇಲೆ, ಆದಾಯಕ್ಕಾಗಿ ಹಾಕಿದ್ದಾದರೆ ಹೊಲದ ಹೊಗೆಗೂ ಸೈಟಿನ ಹೊಗೆಗೂ ಹೆದ್ದಾರಿಯ ಹೊಗೆಗೂ ವ್ಯತ್ಯಾಸ ಏನು? ಕೆಂಪು ಡೀಸೆಲ್ ಸರಿಯೋ ತಪ್ಪೋ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು, ಆ ದೇಶದಲ್ಲಿ ಡೀಸೆಲ್ ತೆರಿಗೆ ಯಾವುದಕ್ಕೆ ಹೋಗುತ್ತದೆ ಅಂತ. ಬಹಳ ಕಡೆ ಈ ಪ್ರಶ್ನೆ ಕೇಳದೆಯೇ ಜಗಳ ನಡೆಯುತ್ತದೆ.

ಬಣ್ಣವೇ ಬೇಡ ಎಂದ ದೇಶಗಳೂ ಇವೆ. ಆಸ್ಟ್ರೇಲಿಯಾದಲ್ಲಿ ಎಲ್ಲರೂ ಒಂದೇ ಬೆಲೆಗೆ ಕೊಳ್ಳುತ್ತಾರೆ, ಗಣಿ ಮತ್ತು ಬೇಸಾಯದವರು ಆಮೇಲೆ ಲೆಕ್ಕ ಕೊಟ್ಟು ತೆರಿಗೆ ವಾಪಸ್ ಪಡೆಯುತ್ತಾರೆ. ನ್ಯೂಜಿಲೆಂಡ್ ಇನ್ನೂ ನೇರ, ಡೀಸೆಲ್‌ಗೆ ರಸ್ತೆ ತೆರಿಗೆಯನ್ನೇ ಹಾಕದೆ ಗಾಡಿ ಓಡಿದ ಕಿಲೋಮೀಟರ್‌ಗೆ ಹಣ ವಸೂಲಿ ಮಾಡುತ್ತದೆ. ನೆದರ್‌ಲೆಂಡ್ಸ್ 2013ರ ಜನವರಿಯಲ್ಲಿ ಕೆಂಪು ಡೀಸೆಲ್ ಅನ್ನೇ ರದ್ದು ಮಾಡಿತು. ವಾಪಸ್ ಕೊಡುವ ಪದ್ಧತಿ ಕೇಳಲು ಅಚ್ಚುಕಟ್ಟು, ಆದರೆ ಸಣ್ಣ ರೈತನ ದುಡ್ಡು ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಳ್ಳುತ್ತದೆ, ಕಾಗದದ ಕೆಲಸ ಬೇರೆ. ಬಣ್ಣದ ಪದ್ಧತಿಯಲ್ಲಿ ಅವನಿಗೆ ಅಂದೇ, ಪಂಪಿನಲ್ಲೇ ಲಾಭ. ನನ್ನ ಒಲವು ಬಣ್ಣದ ಕಡೆಗೇ. ಈ ಸವಲತ್ತು ತೆಗೆಯಲು ಹೋದರೆ ಎಂಥ ಬಿರುಗಾಳಿ ಏಳುತ್ತದೆ ಎಂದು 2024ರ ಜನವರಿಯಲ್ಲಿ ಎರಡು ಸರ್ಕಾರಗಳು ನೋಡಿದವು. ಜರ್ಮನಿಯ ರೈತರು ಟ್ರ್ಯಾಕ್ಟರ್ ಸಾಲನ್ನೇ ಬರ್ಲಿನ್‌ಗೆ ತಂದು ನಿಲ್ಲಿಸಿದರು. ಫ್ರಾನ್ಸ್‌ನಲ್ಲಿ ರೈತರ ಡೀಸೆಲ್ ತೆರಿಗೆ ಏರಿಸುವ ಯೋಜನೆಯನ್ನು ಪ್ರಧಾನಿ ಗೇಬ್ರಿಯಲ್ ಅಟಾಲ್ ಅದೇ ತಿಂಗಳು ಕೈಬಿಟ್ಟರು.

ಇದನ್ನೆಲ್ಲಾ ಓದಿ ಕೆಲಸಕ್ಕೆ ಬಳಸುವವರಿಗೆ ಒಂದು ಕೊನೆಯ ವಿಷಯ. ಬ್ರಿಟನ್‌ನಲ್ಲಿ ಒಂದೇ ಎಕ್ಸ್‌ಕವೇಟರ್ ಇಟ್ಟುಕೊಂಡು ಇವತ್ತು ರೈತನ ಹೊಲದಲ್ಲಿ ಕಾಲುವೆ, ನಾಳೆ ಮನೆಗೆ ಪಾಯ ತೋಡುವವರು ತುಂಬಾ ಜನ ಇದ್ದಾರೆ. ಹೊಲದ ಕೆಲಸಕ್ಕೆ ಕೆಂಪು ಆಗುತ್ತದೆ, ಪಾಯಕ್ಕೆ ಆಗುವುದಿಲ್ಲ. ಕೆಂಪಿನಿಂದ ಬಿಳಿಗೆ ಬದಲಾಗುವಾಗ ಟ್ಯಾಂಕ್ ಖಾಲಿ ಮಾಡಿ ಗುರುತು ಉಳಿಯದಂತೆ ತೊಳೆಯಬೇಕು. ಒಂದು ದಿನದ ಪಾಯದ ಕೆಲಸಕ್ಕಾಗಿ ಅಷ್ಟು ಮಾಡಿದರೆ ಅರ್ಧ ದಿನ ಹೋಗುತ್ತದೆ, ತೆಗೆದ ಎಣ್ಣೆ ಇಡಲು ಜಾಗ ಬೇಕು, ಚೆಲ್ಲಿದರೆ ಅದು ಬೇರೆ ಕೇಸು. ಅಂಥವರು ವರ್ಷಪೂರ್ತಿ ಬಿಳಿ ಹಾಕಿಸಿ, ಆ ಖರ್ಚನ್ನು ರೈತನಿಗೆ ಹೇಳುವ ದರದಲ್ಲಿ ಮೊದಲೇ ಸೇರಿಸಿಬಿಡುವುದು ಒಳ್ಳೆಯದು. ಬಿಲ್ಲುಗಳನ್ನು ಮಾತ್ರ ತೆಗೆದಿಡಿ.